ತಾಯ್ರೋನಾ: ಕಡಲೂ ಹಳೆಯ ಊರೂ ಒಂದೇ ದಿನದಲ್ಲಿ ಆದೀತೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು. ನಾನು, ನನ್ನ ಹೆಂಡತಿ, ಹನ್ನೆರಡು ವರ್ಷದ ಮಗ, ಮೈಸೂರಿನಿಂದ ಬಂದಿರುವ 62 ವರ್ಷದ ನನ್ನ ಅಮ್ಮ, ಹೀಗೆ ನಾಲ್ಕು ಜನ. ಜೂನ್ 12ರಂದು ಕೊಲಂಬಿಯಾದ ಸಾಂತಾ ಮಾರ್ತಾ ತಲುಪಿ, 13ರಂದು ಒಂದೇ ದಿನದಲ್ಲಿ ತಾಯ್ರೋನಾ ರಾಷ್ಟ್ರೀಯ ಉದ್ಯಾನ ನೋಡುವ ಯೋಚನೆ. ಬೆಳಿಗ್ಗೆ ಸಮುದ್ರದಲ್ಲಿ ಈಜಿ, ಮಧ್ಯಾಹ್ನ ಪ್ವೆಬ್ಲೀತೊ ಎಂಬ ಪ್ರಾಚೀನ ಊರಿನ ಅವಶೇಷ ನೋಡಿ, ಸಂಜೆಗೆ ಹೋಟೆಲಿಗೆ ಮರಳಬಹುದೇ? ನಾವು ಸಸ್ಯಾಹಾರಿಗಳು. ಏನೇನು ಸಿದ್ಧತೆ ಬೇಕು?

ಉತ್ತರ: ಟಿಕೆಟ್ ಇನ್ನೂ ಮಾಡಿಸಿಲ್ಲವಾದರೆ ಮೊದಲು ದಿನಾಂಕ ಬದಲಿಸಿ. ಜೂನ್ 13ರಂದು ಉದ್ಯಾನ ಮುಚ್ಚಿರುತ್ತದೆ. ಪ್ರತಿ ವರ್ಷ ಫೆಬ್ರವರಿ 1ರಿಂದ 15, ಜೂನ್ 1ರಿಂದ 15, ಅಕ್ಟೋಬರ್ 19ರಿಂದ ನವೆಂಬರ್ 2, ಈ ಮೂರು ಅವಧಿಗಳಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಇದನ್ನು ದುರಸ್ತಿಯ ರಜೆ ಎಂದುಕೊಳ್ಳಬೇಡಿ. ಉದ್ಯಾನದ ಹಿಂದೆ ಎದ್ದು ನಿಂತಿರುವ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಕೋಗಿ, ಅರ್ವಾಕೊ, ವೀವಾ, ಕಾಂಕ್ವಾಮೊ ಎಂಬ ನಾಲ್ಕು ಮೂಲನಿವಾಸಿ ಜನಾಂಗಗಳಿವೆ. ನೆಲ, ನೀರು, ಪ್ರಾಣಿಗಳಿಗೆ ವಿಶ್ರಾಂತಿ ಬೇಕೆಂದು ಕೇಳಿದವರು ಅವರೇ. ಆ ದಿನಗಳಲ್ಲಿ ಅವರ ಹಿರಿಯರು, ಅಂದರೆ ಮಾಮೊಗಳು, ಕಡಲ ದಂಡೆಯ ಪವಿತ್ರ ಜಾಗಗಳಿಗೆ ಬಂದು ತಮ್ಮ ವಿಧಿಗಳನ್ನು ನಡೆಸುತ್ತಾರೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ನಿಮ್ಮ ಪತ್ರದಲ್ಲಿ ಕಡಲು ಬೇರೆ, ಅವಶೇಷ ಬೇರೆ, ಎರಡನ್ನೂ ಪಟ್ಟಿಯಲ್ಲಿ ಗುರುತು ಹಾಕಿ ಮುಗಿಸಬೇಕು ಎಂಬಂತಿದೆ. ಅಲ್ಲಿ ಅವು ಬೇರೆಬೇರೆ ಅಲ್ಲ. ಸ್ಪ್ಯಾನಿಷರು ಬರುವ ಮೊದಲು ಈ ದಂಡೆಯಲ್ಲಿ ತಾಯ್ರೋನಾ ಜನ ಬಾಳುತ್ತಿದ್ದರು. ಅವರ ಊರುಗಳು ಕಡಲಿನಿಂದ ಬೆಟ್ಟದ ಮೇಲಿನವರೆಗೆ ಕಲ್ಲುಹಾಸಿನ ದಾರಿಗಳಿಂದ ಜೋಡಿಕೊಂಡಿದ್ದವು. ಉಪ್ಪು, ಮೀನು, ಚಿಪ್ಪು ಮೇಲಕ್ಕೆ ಹೋಗುತ್ತಿದ್ದವು. ಬೆಟ್ಟದಲ್ಲಿ ಬೆಳೆದದ್ದು, ನೇಯ್ದದ್ದು ಕೆಳಕ್ಕೆ ಬರುತ್ತಿತ್ತು. ಇಂದಿಗೂ ಕೋಗಿ ಗಂಡಸರ ಕೈಯಲ್ಲಿ ಪೊಪೊರೊ ಎಂಬ ಪುಟ್ಟ ಸೋರೆಬುರುಡೆ ಇರುತ್ತದೆ. ಒಳಗಿರುವುದು ಕಡಲ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣದ ಪುಡಿ. ಕೋಕಾ ಎಲೆಯನ್ನು ಬಾಯಲ್ಲಿಟ್ಟುಕೊಂಡು, ಕಡ್ಡಿಯಿಂದ ಈ ಸುಣ್ಣವನ್ನು ತೆಗೆದು ಸೇರಿಸುತ್ತಾರೆ. ಎಲೆಯ ಸತ್ವ ಬಿಡಲು ಸುಣ್ಣ ಬೇಕೇ ಬೇಕು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಎಲೆಅಡಿಕೆಗೆ ಸುಣ್ಣ ಮಾಡುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬೆಟ್ಟದ ಮೇಲಿನ ಮನೆಗೆ ಕಡಲು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಬುರುಡೆಯಲ್ಲಿದೆ. ಕೋಕಾ ಎಲೆ ಯಾರಾದರೂ ಕೊಟ್ಟರೆ ಚೀಲದಲ್ಲಿಟ್ಟು ಊರಿಗೆ ತರಬೇಡಿ. ಅಮೆರಿಕದಲ್ಲೂ ಭಾರತದಲ್ಲೂ ಅದು ಕಾನೂನುಬಾಹಿರ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದೇ ದಿನದಲ್ಲಿ ಎರಡೂ ಆಗುವುದಿಲ್ಲ, ಅಮ್ಮ ಜೊತೆಗಿದ್ದರಂತೂ ಬೇಡವೇ ಬೇಡ. ಲೆಕ್ಕ ನೋಡಿ. ಸಾಂತಾ ಮಾರ್ತಾದಿಂದ ಮುಖ್ಯ ದ್ವಾರವಾದ ಎಲ್ ಸಾಯ್ನೊಗೆ ಸುಮಾರು 34 ಕಿ.ಮೀ.; ಪಲೊಮೀನೊ ಕಡೆಗೆ ಹೋಗುವ ಬಸ್ ಮಾರುಕಟ್ಟೆಯ ಬಳಿಯಿಂದ ಹೊರಟು ಒಂದು ತಾಸಿನಲ್ಲಿ ಇಳಿಸುತ್ತದೆ. ದ್ವಾರದಲ್ಲಿ ಟಿಕೆಟ್, ಕಡ್ಡಾಯ ಅಪಘಾತ ವಿಮೆ, ಪಾಸ್‌ಪೋರ್ಟ್ ತೋರಿಸುವುದು, ಚೀಲದ ತಪಾಸಣೆ. ಜನ ಹೆಚ್ಚಿದ್ದ ದಿನ ಇದಕ್ಕೇ ಒಂದು ತಾಸು ಹಿಡಿಯುತ್ತದೆ. ಅಲ್ಲಿಂದ ಕಾನ್ಯವೆರಾಲ್‌ಗೆ ಸುಮಾರು 4 ಕಿ.ಮೀ. ಡಾಂಬರು ರಸ್ತೆ. ಇದನ್ನು ನಡೆಯಬೇಡಿ, ಓಡಾಡುವ ವ್ಯಾನಿಗೆ ಹಣ ಕೊಟ್ಟು ಶಕ್ತಿ ಉಳಿಸಿ. ಕಾನ್ಯವೆರಾಲ್‌ನಿಂದ ಕಾಡಿನ ಕಾಲುದಾರಿ ಶುರು: ಅರೆಸಿಫೆಸ್‌ಗೆ ಒಂದು ತಾಸು, ಅಲ್ಲಿಂದ ಲಾ ಪಿಸೀನಾ ಎಂಬ ದಂಡೆಗೆ ಅರ್ಧ ತಾಸು, ಕೊನೆಯ ಕಾಬೊ ಸಾನ್ ಹುವಾನ್‌ಗೆ ಮತ್ತೆ ಅರ್ಧ ತಾಸು. ಬೆಳಿಗ್ಗೆ ಎಂಟಕ್ಕೆ ಗೇಟು ದಾಟಿದರೂ ಕಾಬೊ ಮುಟ್ಟುವಾಗ ಹನ್ನೊಂದಾಗುತ್ತದೆ. ಪ್ವೆಬ್ಲೀತೊ ಅಲ್ಲಿಂದ ಇನ್ನೂ ಒಂದೂವರೆ ಎರಡು ತಾಸಿನ ಏರು. ದ್ವಾರ ಮುಚ್ಚುವುದು ಸಂಜೆ 5ಕ್ಕೆ. ಆ ಹೊತ್ತಿಗೆ ಹೊರಬರಬೇಕೆಂದರೆ ಕಾಬೊದಿಂದ ಎರಡೂವರೆಗೇ ಕಾಲು ತೆಗೆಯಬೇಕು. ಸಮಭಾಜಕಕ್ಕೆ ಹತ್ತಿರದ ಊರು. ಆರೂವರೆಯೊಳಗೆ ಸೂರ್ಯ ಮುಳುಗಿ, ಅರ್ಧ ತಾಸಿನಲ್ಲಿ ಕಾಡು ಕಗ್ಗತ್ತಲೆಯಾಗುತ್ತದೆ.

ಹಾಗಾಗಿ ಒಂದು ರಾತ್ರಿ ಒಳಗೇ ಉಳಿಯಿರಿ. ಟೆಂಟ್ ಮತ್ತು ಜೋಲಿಗಳು ಅರೆಸಿಫೆಸ್‌ನಲ್ಲೂ ಕಾಬೊದಲ್ಲೂ ಸಿಗುತ್ತವೆ. ಕಾಬೊದಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲಿನ ಮಂಟಪದಲ್ಲೂ ಜೋಲಿಗಳಿವೆ. ಚಿತ್ರದಲ್ಲಿ ಅದು ಬಹಳ ಸೊಗಸು, ಆದರೆ ರಾತ್ರಿಯಿಡೀ ಗಾಳಿ ಹೊಡೆದು ಮೈ ನಡುಗುತ್ತದೆ, ಶೌಚಾಲಯಕ್ಕೆ ಕತ್ತಲಲ್ಲಿ ಮೆಟ್ಟಿಲಿಳಿಯಬೇಕು. ಅಮ್ಮನಿಗೆ ಅರೆಸಿಫೆಸ್ ಸುತ್ತಿನ ನೆಲಮಟ್ಟದ ವಸತಿ ಒಳ್ಳೆಯದು. ಅವರಿಗೆ ನಡಿಗೆ ಹೆಚ್ಚಾಯಿತು ಎನಿಸಿದರೆ ಕಾನ್ಯವೆರಾಲ್‌ನಿಂದ ಕುದುರೆ ಸಿಗುತ್ತದೆ; ಕುದುರೆಗಳಿಗೆ ಬೇರೆಯ ದಾರಿ ಇದೆ, ಮಳೆ ಬಂದಾಗ ಅದು ಮೊಣಕಾಲುದ್ದ ಕೆಸರು. ಹತ್ತುವ ಮೊದಲು ಜೀನಿನ ಪಟ್ಟಿ ಬಿಗಿಯಾಗಿದೆಯೇ, ಕುದುರೆಯ ಬೆನ್ನಲ್ಲಿ ಹುಣ್ಣಿದೆಯೇ ನೋಡಿ. ಹುಣ್ಣಿದ್ದರೆ ಬೇರೆಯದನ್ನು ಕೇಳಿ.

ದಿನಾಂಕ ಬದಲಿಸುವಾಗ ಇನ್ನೊಂದು ವಿಷಯ. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಕೊಲಂಬಿಯಾದಲ್ಲೂ ಶಾಲಾ ರಜೆ, ಪ್ರವೇಶ ಶುಲ್ಕವೂ ಹೆಚ್ಚಿನ ದರದ್ದು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇರುವುದರಿಂದ ವಾರದ ನಡುವಿನ ದಿನ ಆರಿಸಿ, ಮುಂಗಡ ಕಾದಿರಿಸಿ. ನಿಮಗೆ ಆಯ್ಕೆ ಇದ್ದರೆ ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರ ಒಳ್ಳೆಯದು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಜೋರು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣ ಹವೆ, ಆದರೆ ಈಶಾನ್ಯದ ಗಾಳಿ ಬೀಸಿ ಕಡಲು ಒರಟಾಗುತ್ತದೆ. ಆ ತಿಂಗಳುಗಳಲ್ಲಿ ಸಾಂತಾ ಮಾರ್ತಾ ಪಕ್ಕದ ಮೀನುಗಾರರ ಊರು ತಗಾಂಗಾದಿಂದ ಕಾಬೊಗೆ ದೋಣಿಯಲ್ಲಿ ಹೋಗುತ್ತೇವೆ ಎನ್ನುವವರು ಹೊಟ್ಟೆ ತೊಳಸಿಕೊಂಡು, ಚೀಲವೆಲ್ಲ ಒದ್ದೆ ಮಾಡಿಕೊಂಡು ಇಳಿಯುತ್ತಾರೆ.

ಈಜುವ ವಿಷಯದಲ್ಲಿ ದಯವಿಟ್ಟು ನಿಧಾನವಾಗಿ ಓದಿ, ಮಗನಿಗೂ ಓದಿಸಿ. ದಾರಿಯಲ್ಲಿ ಮೊದಲು ಸಿಗುವ ಎರಡು ದೊಡ್ಡ ದಂಡೆಗಳು ಕಾನ್ಯವೆರಾಲ್ ಮತ್ತು ಅರೆಸಿಫೆಸ್. ಎರಡರಲ್ಲೂ ನೀರಿಗಿಳಿಯುವುದು ನಿಷಿದ್ಧ. ಅರೆಸಿಫೆಸ್‌ನಲ್ಲಿ ನೂರಕ್ಕೂ ಹೆಚ್ಚು ಜನ ಮುಳುಗಿ ಸತ್ತಿದ್ದಾರೆಂದು ಅಲ್ಲಿನ ಫಲಕವೇ ಹೇಳುತ್ತದೆ. ಕಾರಣ ಇಷ್ಟು: ತೆರೆದ ಕೆರಿಬಿಯನ್‌ನಿಂದ ಬರುವ ಅಲೆ ಯಾವ ಅಡ್ಡಿಯೂ ಇಲ್ಲದೆ ನೇರ ದಂಡೆಗೆ ಅಪ್ಪಳಿಸುತ್ತದೆ. ದಂಡೆ ಕಡಿದಾಗಿದೆ. ಮೇಲೆ ನುಗ್ಗಿದ ನೀರೆಲ್ಲ ಹಿಂದಿರುಗಬೇಕಲ್ಲ, ಅದು ಮರಳಿನ ತಗ್ಗುಗಳನ್ನು ಹಿಡಿದು ಕಾಲುವೆಯಂತೆ ಕಡಲಿಗೆ ಸೆಳೆಯುತ್ತದೆ. ಮೋಸ ಎಲ್ಲಿದೆಯೆಂದರೆ, ಸೆಳೆತ ಇರುವ ಕಡೆಯೇ ಅಲೆ ಒಡೆಯುವುದು ಕಡಿಮೆ. ನೋಡುವವರಿಗೆ ಅದೇ ಶಾಂತವಾದ ಜಾಗ ಎನಿಸುತ್ತದೆ, ಅಲ್ಲೇ ಇಳಿಯುತ್ತಾರೆ. ಮೊಣಕಾಲು ಮಟ್ಟದ ನೀರಿನಲ್ಲಿ ಫೋಟೊ ತೆಗೆಯುತ್ತಾ ನಿಂತವರ ಕಾಲಡಿಯ ಮರಳನ್ನೂ ಅದು ಕೊರೆದು ಬೀಳಿಸಬಲ್ಲದು.

ಅರೆಸಿಫೆಸ್ ದಾಟಿದ ಮೇಲೆ ಅರೆನೀಯಾ ಎಂಬ ಚಿಕ್ಕ ಕೊಲ್ಲಿ, ಆಮೇಲೆ ಲಾ ಪಿಸೀನಾ. ಪಿಸೀನಾ ಎಂದರೆ ಈಜುಕೊಳ. ಹೆಸರಿಗೆ ತಕ್ಕಂತೆ ದಂಡೆಯಿಂದ ಆಚೆ ಬಂಡೆಗಳ ಸಾಲೊಂದು ಅಲೆಯನ್ನು ಹೊರಗೇ ಒಡೆದುಬಿಡುತ್ತದೆ, ಒಳಗೆ ನೀರು ತಿಳಿಯಾಗಿ ನಿಂತಿರುತ್ತದೆ. ನಿಮ್ಮ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಆದರೆ ಬಂಡೆಸಾಲಿನ ಆಚೆ ಹೋಗಬಾರದು. ಕಾಬೊದ ಜೋಡಿ ಕೊಲ್ಲಿಗಳಲ್ಲೂ ಜನ ಈಜುತ್ತಾರೆ. ಅಲ್ಲಿ ಆ ದಿನದ ಬಾವುಟ ಅಥವಾ ಸಿಬ್ಬಂದಿಯ ಮಾತಿನಂತೆ ನಡೆಯಿರಿ. ಎಲ್ಲಾದರೂ ಸೆಳೆತಕ್ಕೆ ಸಿಕ್ಕಿದರೆ ದಂಡೆಯ ಕಡೆಗೆ ಎದುರೀಜಬೇಡಿ, ಅದರಲ್ಲೇ ದಣಿದು ಮುಳುಗುವುದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು, ಆಮೇಲೆ ಅಲೆಯ ಜೊತೆ ಮರಳಿ. ದಂಡೆಯ ಹಿಂದಿನ ಸಿಹಿನೀರಿನ ಹಳ್ಳ, ಕೆರೆಗಳಲ್ಲಿ ಕೈಮನ್ ಮೊಸಳೆಗಳಿವೆ. ಉಪ್ಪು ತೊಳೆಯಲೆಂದು ಅಲ್ಲಿಗೆ ಇಳಿಯುವುದು ಬೇಡ.

ನಡಿಗೆ ಬೇಡ, ತಿಳಿನೀರು ಮಾತ್ರ ಸಾಕು ಎಂದು ಅಮ್ಮ ಹೇಳಿದರೆ ಬೇರೊಂದು ದಾರಿ ಇದೆ. ಪಶ್ಚಿಮದ ನೆಗ್ವಾಂಹೆ ಕಡೆಯಿಂದ ವಾಹನದಲ್ಲಿ ಹೋಗಿ, ದೋಣಿಯಲ್ಲಿ ಪ್ಲಾಯಾ ಕ್ರಿಸ್ತಾಲ್ ಎಂಬ ಹವಳದ ದಂಡೆ ಸೇರಬಹುದು. ಅದು ಪ್ವೆಬ್ಲೀತೊ ಕಡೆಗೆ ಕೂಡುವುದಿಲ್ಲ.

ಈಗ ಹಳೆಯ ಊರು. ಪ್ವೆಬ್ಲೀತೊ ಎಂದರೆ ಸ್ಪ್ಯಾನಿಷ್‌ನಲ್ಲಿ ಪುಟ್ಟ ಹಳ್ಳಿ, ಮೂಲನಿವಾಸಿಗಳ ಹೆಸರು ಚೈರಾಮಾ. ಸುಮಾರು ಕ್ರಿ.ಶ. 5ನೇ ಶತಮಾನದಿಂದ ಸ್ಪ್ಯಾನಿಷರ ಕಾಲದವರೆಗೆ ಜನ ಇಲ್ಲಿ ಬಾಳಿದರು. ಸಾಂತಾ ಮಾರ್ತಾ ಪಟ್ಟಣ ಹುಟ್ಟಿದ್ದು 1525ರಲ್ಲಿ. ಮುಂದಿನ ಮುಕ್ಕಾಲು ಶತಮಾನ ಕಾದಾಟ, ವ್ಯಾಪಾರ, ರೋಗ. 1599ರಲ್ಲಿ ತಾಯ್ರೋನಾ ನಾಯಕರು ದಂಗೆ ಎದ್ದರು, ಅದನ್ನು ಕ್ರೂರವಾಗಿ ಅಡಗಿಸಲಾಯಿತು, ಉಳಿದವರು ಮೇಲಿನ ಬೆಟ್ಟಕ್ಕೆ ಹೋದರು. ಊರನ್ನು ಕಾಡು ನುಂಗಿತು. 20ನೇ ಶತಮಾನದಲ್ಲಿ ಮೊದಲು ಗ್ರೆಗರಿ ಮೇಸನ್, ಆಮೇಲೆ ಹೆರಾರ್ದೊ ರೈಕೆಲ್-ದೊಲ್ಮಾತೊಫ್ ಇಲ್ಲಿ ಉತ್ಖನನ ನಡೆಸಿದರು.

ಹಂಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆಯಾಗುತ್ತದೆ. ಗೋಡೆ, ಗೋಪುರ, ಕೆತ್ತನೆ ಏನೂ ಇಲ್ಲ. ಮನೆಗಳು ಮರ, ಹುಲ್ಲಿನವು, ಅವು ಎಂದೋ ಕೊಳೆತು ಹೋದವು. ಉಳಿದಿರುವುದು ಅಡಿಪಾಯ: ನೆಲಕ್ಕೆ ಹುದುಗಿದ ಕಲ್ಲಿನ ವೃತ್ತಗಳು. ಒಂದೊಂದು ವೃತ್ತ ಒಂದೊಂದು ಮನೆ. ಚಪ್ಪಟೆ ಕಲ್ಲಿನ ಹೊಸ್ತಿಲು ಎದುರುಬದುರಾಗಿ ಎರಡು ಕಡೆ ಇದೆಯೇ ಹುಡುಕಿ, ಮಗನಿಗೆ ಇದು ಒಳ್ಳೆಯ ಆಟ. ಆಮೇಲೆ ಬೆಟ್ಟದ ಇಳಿಜಾರಿನಲ್ಲಿ ಹಂತಹಂತವಾಗಿ ಮಾಡಿದ ಸಮತಟ್ಟುಗಳನ್ನು ನೋಡಿ. ಇಳಿಜಾರನ್ನು ಕಡಿದು, ಗಾರೆಯಿಲ್ಲದೆ ಕಲ್ಲು ಜೋಡಿಸಿ ತಡೆಗೋಡೆ ಕಟ್ಟಿ, ಮಟ್ಟಸ ಮಾಡಿದ್ದಾರೆ. ಗಾರೆ ಇಲ್ಲದ್ದೇ ಅದರ ಬಲ. ಮಳೆನೀರು ಸಂದುಗಳಿಂದ ಬಸಿದು ಹೋಗುತ್ತದೆ, ಒಳಗೆ ಒತ್ತಡ ಕಟ್ಟುವುದಿಲ್ಲ, ಗೋಡೆ ಉಬ್ಬಿ ಒಡೆಯುವುದಿಲ್ಲ. ಕಲ್ಲುಹಾಸಿನ ದಾರಿಯ ಬದಿಯಲ್ಲಿ ಚರಂಡಿ, ಹಳ್ಳದ ಮೇಲೆ ಚಪ್ಪಡಿ ಸೇತುವೆ. ಇಂಥ ಮಳೆಯ ಬೆಟ್ಟದಲ್ಲಿ ಶತಮಾನಗಳ ಕಾಲ ಮಣ್ಣು ಕುಸಿಯದಂತೆ ನೀರನ್ನು ಆಳಿದವರ ಜಾಣ್ಮೆ ಇದು. ಅದನ್ನು ನೋಡಲು ಹೋಗುತ್ತಿದ್ದೇವೆ ಎಂದುಕೊಂಡರೆ ಪ್ರತಿ ಹೆಜ್ಜೆಯಲ್ಲೂ ಏನಾದರೂ ಸಿಗುತ್ತದೆ. ಗೋಡೆಯ ಅಂಚಿನ ಮೇಲೆ ನಿಲ್ಲಬೇಡಿ. ಒಂದು ಕಲ್ಲು ಸಡಿಲವಾದರೆ ಮುಂದಿನ ಮಳೆಗೆ ಪಕ್ಕದ್ದೂ ಜಾರುತ್ತದೆ.

ಎರಡು ಎಚ್ಚರಿಕೆ. ಒಂದು, ಪ್ವೆಬ್ಲೀತೊಗೆ ಪ್ರವಾಸಿಗರನ್ನು ಬಿಡುವುದು ಈಚಿನ ವರ್ಷಗಳಲ್ಲಿ ಆಗಾಗ ನಿಂತಿದೆ. ಹಳೆಯ ಪ್ರವಾಸ ಕಥನ ನಂಬಿ ಹೊರಡಬೇಡಿ; ಟಿಕೆಟ್ ಕೊಳ್ಳುವಾಗಲೇ ದಾರಿ ತೆರೆದಿದೆಯೇ ಎಂದು ಕೇಳಿ. ಇಲ್ಲ ಎಂದರೆ ಅಲ್ಲಿಗೆ ಬಿಡಿ, ಹಣ ತೆಗೆದುಕೊಂಡು ಕಳ್ಳದಾರಿಯಲ್ಲಿ ಕರೆದೊಯ್ಯುವವರ ಹಿಂದೆ ಹೋಗಬೇಡಿ. ಎರಡು, ಕಾಬೊದಿಂದ ಮೇಲಕ್ಕೆ ಹೋಗುವ ದಾರಿ ಮೆಟ್ಟಿಲಲ್ಲ, ಕಾರಿನಷ್ಟು ದೊಡ್ಡ ಗ್ರಾನೈಟ್ ಬಂಡೆಗಳ ರಾಶಿ. ಕೈ ಊರಿ ಹತ್ತಬೇಕು, ಕೆಲವೆಡೆ ಬಂಡೆಯಡಿ ನುಸುಳಬೇಕು. ಒಣಗಿದ್ದಾಗ ಹಿಡಿತ ಚೆನ್ನಾಗಿದೆ. ಮಳೆ ಬಿದ್ದ ಮೇಲೆ ಪಾಚಿ ಜಾರುತ್ತದೆ. ಬೀಳುವುದು ಹೆಚ್ಚಾಗಿ ಇಳಿಯುವಾಗ. ಹೆದ್ದಾರಿಯ ಮೇಲಿನ ಕಲಬಾಸೊ ದ್ವಾರದಿಂದಲೂ ಎರಡೂವರೆ ತಾಸಿನ ದಾರಿಯಿದೆ. ಅದು ಉದ್ದ, ಏರು ಹೆಚ್ಚು, ಆದರೆ ಬಂಡೆ ಕಡಿಮೆ. ಅಮ್ಮನನ್ನು ಎರಡಕ್ಕೂ ಕರೆದೊಯ್ಯಬೇಡಿ. ಎರಡನೆಯ ದಿನ ಅವರ ಜೊತೆ ಒಬ್ಬರು ಲಾ ಪಿಸೀನಾದಲ್ಲಿ ಉಳಿಯಲಿ, ಇನ್ನೊಬ್ಬರು ಮಗನೊಂದಿಗೆ ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರೊಳಗೆ ಕೆಳಗೆ ಬರಲಿ. ಚಪ್ಪಲಿ ನಡೆಯುವುದಿಲ್ಲ, ಹಿಡಿತವಿರುವ ಶೂ ಬೇಕು.

ತೆಯೂನಾ, ಅಂದರೆ ಸಿಯುದಾದ್ ಪೆರ್ದಿದಾ ಎಂಬ ‘ಕಳೆದುಹೋದ ನಗರ’ದ ಚಿತ್ರಗಳನ್ನು ನೋಡಿ ಅದೇ ಇಲ್ಲಿದೆ ಎಂದುಕೊಳ್ಳುವವರು ಬಹಳ. ಅದು ತಾಯ್ರೋನಾ ಜನರದೇ ಊರು, ಆದರೆ ಉದ್ಯಾನದಲ್ಲಿಲ್ಲ, ಬೆಟ್ಟದ ಒಳಗಿದೆ. ಮಾರ್ಗದರ್ಶಿಯೊಂದಿಗೆ ಕನಿಷ್ಠ ನಾಲ್ಕು ದಿನದ ಚಾರಣ.

ಅಮ್ಮನಿಗೂ ಮಗನಿಗೂ ಇಷ್ಟವಾಗುವ ಒಂದು ಕೆಲಸವನ್ನು ಉದ್ಯಾನಕ್ಕೆ ಹೋಗುವ ಮುನ್ನಾದಿನವೇ ಮಾಡಿ: ಸಾಂತಾ ಮಾರ್ತಾದ ತಾಯ್ರೋನಾ ಚಿನ್ನದ ವಸ್ತುಸಂಗ್ರಹಾಲಯ. ಹಳೆಯ ಸುಂಕದ ಕಟ್ಟೆಯ ಕಟ್ಟಡದಲ್ಲಿದೆ, ಪ್ರವೇಶ ಉಚಿತ. ಚಿನ್ನಕ್ಕೆ ತಾಮ್ರ ಬೆರೆಸಿದ ತುಂಬಾಗಾ ಎಂಬ ಮಿಶ್ರಲೋಹದಲ್ಲಿ, ಮೇಣದ ಅಚ್ಚಿನ ಎರಕದಿಂದ ಮಾಡಿದ ಬಾವಲಿ ಮುಖದ ಪದಕಗಳು, ಮೂಗುತಿಗಳು ಅಲ್ಲಿವೆ. ಎರಕವಾದ ಮೇಲೆ ಮೇಲ್ಮೈಯ ತಾಮ್ರವನ್ನು ತೆಗೆದು ಚಿನ್ನದ ಹೊಳಪು ತರುತ್ತಿದ್ದರು. ನಮ್ಮಲ್ಲೂ ಪಂಚಲೋಹದ ಮೂರ್ತಿಗೆ ಮೇಣದ ಎರಕವೇ ಆದ್ದರಿಂದ ಕೆಲಸದ ನಾಜೂಕು ಅಮ್ಮನ ಕಣ್ಣಿಗೆ ಕೂಡಲೇ ಬೀಳುತ್ತದೆ. ಇವನ್ನು ನೋಡಿ ಹೋದರೆ ಪ್ವೆಬ್ಲೀತೊದ ಖಾಲಿ ವೃತ್ತಗಳಲ್ಲಿ ಜನ ಕಾಣತೊಡಗುತ್ತಾರೆ. ಬೀದಿಯಲ್ಲಿ ಯಾರಾದರೂ ‘ನಿಜವಾದ ಹಳೆಯದು’ ಎಂದು ಮಡಕೆ ಚೂರು, ಮಣಿ ತೋರಿಸಿದರೆ ಮುಟ್ಟಬೇಡಿ. ಕೊಲಂಬಿಯಾದ ಸಂವಿಧಾನದ ಪ್ರಕಾರ ಪುರಾತತ್ವ ವಸ್ತುಗಳು ರಾಷ್ಟ್ರದ ಸ್ವತ್ತು, ಮಾರುವಂತಿಲ್ಲ. ಗೋರಿ ಅಗೆದು ದೋಚುವವರು ಈ ಬೆಟ್ಟಗಳಿಗೆ ಮಾಡಿದ ಹಾನಿ ಅಪಾರ.

ಕಾಗದಪತ್ರಗಳಲ್ಲಿ ಹಳದಿ ಜ್ವರದ ಲಸಿಕೆಯೇ ದೊಡ್ಡ ತೊಡಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು, ಪ್ರಮಾಣಪತ್ರ ಊರ್ಜಿತವಾಗುವುದು ಹತ್ತನೆಯ ದಿನದಿಂದ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಭಾರತ ಸರ್ಕಾರದ ನಿಯಮವನ್ನು ಹೆಚ್ಚಿನವರು ಮರೆಯುತ್ತಾರೆ: ಕೊಲಂಬಿಯಾ ಬಿಟ್ಟು 6 ದಿನದೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಇಳಿದರೆ, ಆ ಅವಧಿ ಮುಗಿಯುವವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಅಮ್ಮ ಈ ಪ್ರವಾಸ ಮುಗಿಸಿ ಎಂದು ಮೈಸೂರಿಗೆ ಮರಳುತ್ತಾರೆ ನೋಡಿಕೊಳ್ಳಿ. ಇನ್ನೊಂದು ಮಾತು, 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಡುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಎಳೆಯರಿಗಿಂತ ಹೆಚ್ಚು. ಮೊಟ್ಟೆಯ ತೀವ್ರ ಅಲರ್ಜಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ, ಥೈಮಸ್ ಗ್ರಂಥಿಯ ತೊಂದರೆ ಇದ್ದರೆ ಕೊಡುವುದೇ ಇಲ್ಲ. ವೈದ್ಯರು ಬೇಡವೆಂದರೆ ಅಮ್ಮನ ಮಟ್ಟಿಗೆ ಈ ಕಾಡಿನ ಯೋಚನೆ ಕೈಬಿಡಿ.

ವೀಸಾ: ಭಾರತದ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಕನಿಷ್ಠ 180 ದಿನ ಅವಧಿಯಿರುವ ಅಮೆರಿಕದ ವೀಸಾ ಇದ್ದರೆ ಕೊಲಂಬಿಯಾಗೆ ಪ್ರತ್ಯೇಕ ವೀಸಾ ಬೇಡ, ಹೊರಡುವ ಮುನ್ನ ಕಾನ್ಸುಲೇಟಿನಲ್ಲಿ ಖಚಿತಪಡಿಸಿಕೊಳ್ಳಿ. ಎಚ್-1ಬಿ ಉದ್ಯೋಗ ವೀಸಾದ ನವೀಕರಣ ಪತ್ರ ಕೈಯಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಹೊರಡಬೇಡಿ. ಅಮೆರಿಕಕ್ಕೆ ಮರಳುವಾಗಲೂ ಸಿಕ್ಕಿಬೀಳುತ್ತೀರಿ, ಅವಧಿ ಮುಗಿದ ಮುದ್ರೆಯಲ್ಲೇ ಮರಳಲು ಕೆನಡಾ ಮತ್ತು ಮೆಕ್ಸಿಕೊ ಪ್ರವಾಸಕ್ಕೆ ಇರುವ ಸಡಿಲಿಕೆ ಕೊಲಂಬಿಯಾಗೆ ಇಲ್ಲ.

ಊಟಕ್ಕೆ ತೊಂದರೆಯಿಲ್ಲ, ವಿವರಿಸಿ ಹೇಳಬೇಕು ಅಷ್ಟೆ. ‘ಸಿನ್ ಕಾರ್ನೆ’ ಎಂದರೆ ಅನೇಕರಿಗೆ ದನದ ಮಾಂಸ ಬೇಡ ಎಂದಷ್ಟೇ ಅರ್ಥ, ಕೋಳಿ ಹಾಕಿ ಕೊಟ್ಟುಬಿಡುತ್ತಾರೆ. ‘ನಿ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ’ ಎಂದು ಮೂರನ್ನೂ ಹೇಳಿ: ಮಾಂಸ, ಕೋಳಿ, ಮೀನು. ಹುರುಳಿಯಂಥ ಕಾಳಿನ ಸಾರಿಗೆ ಹಂದಿಯ ತುಣುಕು ಹಾಕುವುದುಂಟು, ಕೇಳಿ ತಿನ್ನಿ. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಬಾಳೆಕಾಯಿಯನ್ನು ಜಜ್ಜಿ ಕರಿದ ಪತಕೋನ್, ಸಲಾಡ್, ಇಷ್ಟು ಎಲ್ಲ ಕಡೆಯೂ ಸಿಗುತ್ತದೆ. ದಾರಿಯಲ್ಲಿ ಕಿತ್ತಳೆ ರಸ ಹಿಂಡಿ ಕೊಡುವವರಿದ್ದಾರೆ. ಅವಲಕ್ಕಿ, ಚಟ್ನಿಪುಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಚೀಲ, ಒಮ್ಮೆ ಬಳಸಿ ಎಸೆಯುವ ಬಾಟಲಿ, ಮದ್ಯ, ಡ್ರೋನ್ ಇವೆಲ್ಲ ಗೇಟಿನಲ್ಲೇ ನಿಲ್ಲುತ್ತವೆ. ತಲಾ ಮೂರು ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ, ಸೊಳ್ಳೆ ಮುಲಾಮು, ಉದ್ದ ತೋಳಿನ ತೆಳು ಬಟ್ಟೆ, ತಲೆಗೆ ಕಟ್ಟುವ ಟಾರ್ಚ್, ಎರಡು ದಿನಕ್ಕಾಗುವ ನಗದು ಪೆಸೊ. ಒಳಗೆ ಎಟಿಎಂ ಇಲ್ಲ. ಉಳಿದ ದೊಡ್ಡ ಚೀಲವನ್ನು ಹೋಟೆಲಿನಲ್ಲೇ ಬಿಡಿ. ಈ ಸೆಕೆಯಲ್ಲಿ ಹೆಗಲ ಮೇಲಿನ ಪ್ರತಿ ಕಿಲೊ ಅರೆಸಿಫೆಸ್ ಮುಟ್ಟುವುದರೊಳಗೆ ಎರಡಾಗುತ್ತದೆ.

ಕಾಡುದಾರಿಯಲ್ಲಿ ಬಿಳಿ ಉಡುಗೆಯ ಕೋಗಿ ಕುಟುಂಬಗಳು ಎದುರಾಗುತ್ತವೆ, ಮಕ್ಕಳು ಎಳನೀರು ಮಾರುತ್ತಾರೆ. ಎಳನೀರು ಕೊಳ್ಳಿ, ಕೇಳದೆ ಫೋಟೊ ತೆಗೆಯಬೇಡಿ. ಮಿಠಾಯಿ ಹಂಚಬೇಡಿ. ದಂಡೆಯ ಚಿಪ್ಪುಗಳನ್ನು ಮಗ ಆರಿಸಲಿ, ನೋಡಲಿ, ಅಲ್ಲೇ ಬಿಡಲಿ. ಬೆಟ್ಟದ ಮೇಲಿನ ಪೊಪೊರೊಗಳಿಗೆ ಸುಣ್ಣ ಆಗುವುದು ಚಿಪ್ಪಿನಿಂದಲೇ. ಎರಡನೆಯ ದಿನ ಊಟ ಮುಗಿಸಿ ಒಂದೂವರೆಗೆ ಅರೆಸಿಫೆಸ್ ಬಿಟ್ಟರೆ ಮೂರರ ಸುಮಾರಿಗೆ ಕಾನ್ಯವೆರಾಲ್‌ನ ವ್ಯಾನ್, ನಾಲ್ಕರೊಳಗೆ ಹೆದ್ದಾರಿ. ಎದುರು ಬದಿಯಲ್ಲಿ ನಿಂತು ಕೈ ಅಡ್ಡ ಹಿಡಿದರೆ ಸಾಂತಾ ಮಾರ್ತಾದ ಬಸ್ ನಿಲ್ಲುತ್ತದೆ.